ಡೊಂಬಿವಲಿಯಲ್ಲಿ ಬಸಳೆ ಚಪ್ಪರ

ನಮ್ಮ ಬಿಲ್ಡಿಂಗಿನ ಗಚ್ಚಿ ಹತ್ತಿ ಇಳಿಯುವಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಆಗದ ದಿನ ನನಗೆ ಊಟ ಸೇರುವುದಿಲ್ಲ. ತಾರಸಿಗೆ ಇಲ್ಲಿಯವರು ಗಚ್ಚಿ ಅನ್ನುತ್ತಾರೆ. ಅಲ್ಲಿ ನನ್ನದೊಂದು ತರಕಾರಿ ತೋಟ ಉಂಟು. ನಾಲ್ಕು ಮರದ ಪೆಟ್ಟಿಗೆ ತುಂಬ ಮಣ್ಣು, ಅದರ ಮೇಲೆ ಬಿದಿರು, ಬಿದಿರಿನ ಮೇಲೆ ಬಲೆ. ಇಷ್ಟನ್ನು ನಿಲ್ಲಿಸುವುದಕ್ಕೆ ನಾನು ಪಟ್ಟ ಪಾಡನ್ನು ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ಆಗ ನನಗೆ ನಗು ಬಂದಿರಲಿಲ್ಲ, ಈಗ ನೆನೆದರೆ ತಡೆಯಲಿಕ್ಕೆ ಆಗುವುದಿಲ್ಲ.

೧. ಹನ್ನೊಂದು ಮಂದಿಯ ಭಾರ

ರಬಾಳೆಯ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದೆ. ನಿವೃತ್ತಿಯ ದಿನ ಸಾಹೇಬರು ಕರೆದು, "ನೆನಪಿಗೆ ನಿಮಗೆ ಏನು ಕೊಡಲಿ?" ಎಂದು ಕೇಳಿದರು. ಎಲ್ಲರೂ ಗೋಡೆ ಗಡಿಯಾರ ಕೇಳುತ್ತಾರೆ. ನಾನು, ಮೆಷೀನು ತುಂಬಿಕೊಂಡು ಬಂದು ಹಿಂದಿನ ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿದ್ದ ನಾಲ್ಕು ಮರದ ಪೆಟ್ಟಿಗೆ ಕೇಳಿದೆ. ಸಾಹೇಬರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ನನ್ನ ಮಗಳು ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

"ಮಮ್ಮೀ, ಲೋಗ್ ಕ್ಯಾ ಬೋಲೇಂಗೇ?" ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಹುಟ್ಟಿದ್ದು ಇಲ್ಲೇ, ಓದಿದ್ದು ಇಲ್ಲೇ, ಈಗ ಐರೋಲಿಯ ಆಫೀಸಿನಲ್ಲಿ ಕೆಲಸ.

"ಜನ ಏನು ಬೇಕಾದರೂ ಹೇಳಲಿ, ಬಸಳೆ ಏನೂ ಹೇಳುವುದಿಲ್ಲ" ಎಂದೆ.

ಪೆಟ್ಟಿಗೆಗಳು ಟೆಂಪೋದಲ್ಲಿ ಬಂದವು. ಅವುಗಳನ್ನು ಗಚ್ಚಿಗೆ ಏರಿಸಿ, ಅಡಿಗೆ ಇಟ್ಟಿಗೆ ಕೊಟ್ಟು, ನೀರು ಹರಿಯಲು ತೂತು ಕೊರೆದು ಕೂರಿಸಲು ಒಬ್ಬ ಗೌಂಡಿಯನ್ನು ಕರೆದೆ. ವಿಜಯಪುರ ಕಡೆಯವ, ಆರಡಿ ಎತ್ತರ, ನಮ್ಮ ರಸ್ತೆಯ ಅರ್ಧ ಗೋಡೆಗಳು ಅವನ ಕೈಯವೇ. ಅವ ಮಣ್ಣು ತುಂಬುತ್ತಿದ್ದಾಗ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಬಂದರು. ಬ್ಯಾಂಕಿನಲ್ಲಿ ನಿವೃತ್ತರಾದ ಮರಾಠಿ ಸಾಹೇಬರು. ಮನುಷ್ಯ ಒಳ್ಳೆಯವರು, ಆದರೆ ಲಿಫ್ಟಿನ ಬಲ್ಬು ಬದಲಿಸಬೇಕಾದರೂ ಸಭೆ ಕರೆಯುತ್ತಾರೆ.

"ಬಾಯಿ, ಇಷ್ಟು ಮಣ್ಣಿನ ಭಾರಕ್ಕೆ ಸ್ಲ್ಯಾಬ್ ಕುಸಿದರೆ?" ಎಂದರು. ಬಾಯಿ ಅಂದರೆ ಇಲ್ಲಿ ಅಮ್ಮಾ ಎಂದ ಹಾಗೆ. ನಾನು ಉತ್ತರ ಕೊಡುವುದರೊಳಗೆ ಫೋನು ಮಾಡಿ ಇಡೀ ಕಮಿಟಿಯನ್ನು ಮೇಲೆ ಕರೆಸಿದರು. ಹನ್ನೊಂದು ಮಂದಿ ಬಂದು ನನ್ನ ಒಂದು ಪೆಟ್ಟಿಗೆಯ ಸುತ್ತ ಭುಜಕ್ಕೆ ಭುಜ ತಾಗಿಸಿ ನಿಂತರು. ಒಬ್ಬರು ಮಣ್ಣು ಹಿಡಿದು ನೋಡಿದರು, ಒಬ್ಬರು ಕಾಲಿನಿಂದ ನೆಲ ತಟ್ಟಿದರು, ಒಬ್ಬರು ಕಿವಿ ಕೊಟ್ಟು ಕೇಳಿದರು. ಖಜಾಂಚಿ ಇದ್ದವರು ಪೆಟ್ಟಿಗೆಯ ಅಂಚಿಗೇ ಕೂತುಬಿಟ್ಟರು.

"ಇದರ ತೂಕ ಎಷ್ಟು ಬರುತ್ತದೆ?" ಸೆಕ್ರೆಟರಿ ಗೌಂಡಿಯನ್ನು ಕೇಳಿದರು.

ಅವ ಕರಣಿ ಕೆಳಗಿಟ್ಟು, ಒಬ್ಬೊಬ್ಬರನ್ನೇ ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿದ. "ಅಕ್ಕಾರ, ಇವರಿಗೆ ಮರಾಠ್ಯಾಗ ನೀವ ಹೇಳ್ರಿ. ಪೆಟಗಿ ಭಾರಕ್ಕ ಏನೂ ಆಗಂಗಿಲ್ಲ. ಆದ್ರ ಈ ಹನ್ನೊಂದು ಮಂದಿ ಒಂದ ಕಡೆ ನಿಂತಾರಲ್ಲ, ನನಗ ಈಗ ಅಂಜಿಕಿ ಬರಾಕತ್ತೈತಿ."

ನಾನು ಅಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ. ಕಮಿಟಿ ಒಮ್ಮೆಲೇ ನಾಲ್ಕು ದಿಕ್ಕಿಗೆ ಹಾರಿತು. ಖಜಾಂಚಿಯವರು ಮಾತ್ರ ಮೆಟ್ಟಿಲಿನ ಹತ್ತಿರ ಹೋಗಿ, ಅಲ್ಲಿಂದಲೇ ಕೈ ಎತ್ತಿ ಪರವಾನಗಿ ಕೊಟ್ಟರು.

೨. ಮೂರು ವಾರದ ಬಸಳೆ

ಊರಿನಿಂದ ಅಕ್ಕ ಕಳಿಸಿದ ಕೆಂಪು ಬಸಳೆಯ ಕಡ್ಡಿ ಮೂರು ವಾರದಲ್ಲಿ ಮೊಳಕೈ ಉದ್ದ ಬಂತು. ಪಕ್ಕದಲ್ಲಿ ಅಲಸಂಡೆ, ಹೀರೆ, ಸೌತೆ. ಎಲ್ಲಕ್ಕೂ ಹತ್ತಲಿಕ್ಕೆ ಚಪ್ಪರ ಬೇಕು, ಚಪ್ಪರಕ್ಕೆ ಬಲೆ ಬೇಕು. ಬಲೆ ಎಲ್ಲಿ ಸಿಗುತ್ತದೆ? ನಮ್ಮ ಲಿಫ್ಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು, 'ಜಾಳಿ ಹಾಕಿ ಕೊಡಲಾಗುವುದು' ಎಂದು. ಪಾರಿವಾಳ ಬಾರದ ಹಾಗೆ, ಮಕ್ಕಳು ಬೀಳದ ಹಾಗೆ ಬಾಲ್ಕನಿಗೆ ಹಾಕುತ್ತಾರಲ್ಲ, ಆ ಜಾಳಿ. ಬಲೆ ಬಲೆಯೇ ತಾನೆ ಎಂದು ಆ ನಂಬರಿಗೆ ಫೋನು ಮಾಡಿದೆ.

ನನ್ನ ಹಿಂದಿ ಕಾರ್ಖಾನೆಯಲ್ಲಿ ಕಲಿತದ್ದು. ಗದರಿಸಲಿಕ್ಕೆ ಸಾಕಾಗುತ್ತದೆ, ವಿವರಿಸಲಿಕ್ಕೆ ಸಾಲುವುದಿಲ್ಲ.

"ಪಾರಿವಾಳದ ತೊಂದರೆಯಾ ಮೇಡಂ?" ಎಂದು ಅವ ಕೇಳಿದ.

"ಪಾರಿವಾಳ ಏನಿಲ್ಲ. ನಮ್ಮ ಬಸಳೆಗೆ ಬೇಕು. ಅವಳು ಈಗ ಮೇಲೆ ಹತ್ತಲಿಕ್ಕೆ ಶುರು ಮಾಡಿದ್ದಾಳೆ." ಹಿಂದಿಯಲ್ಲಿ ಗಿಡಕ್ಕೂ ಹೆಣ್ಣು ಗಂಡು ಉಂಟಲ್ಲ, ನಾನು ಹೆಣ್ಣೆಂದೇ ಹೇಳಿದೆ.

"ಅರ್ಥ ಆಯ್ತು ಮೇಡಂ. ಮಕ್ಕಳ ಸೇಫ್ಟಿ. ಬಾಲ್ಕನಿಯಾ, ಕಿಟಕಿಯಾ?"

"ಗಚ್ಚಿ ಮೇಲೆ. ಅವಳನ್ನು ಅಲ್ಲೇ ಇಟ್ಟಿದ್ದೇವೆ."

"ಗಚ್ಚಿ ಮೇಲೆ ಇಟ್ಟಿದ್ದೀರಾ? ಬಿಸಿಲಲ್ಲಿ? ವಯಸ್ಸೆಷ್ಟು?"

"ಮೂರು ವಾರ."

"ಮೂರು ವಾರಕ್ಕೆ ಹತ್ತುತ್ತಾಳಾ!"

ನನಗೆ ಹೆಮ್ಮೆ ತಡೆಯಲಾಗಲಿಲ್ಲ. "ಹತ್ತದೆ ಏನು? ದಿನಾ ಮೀನು ತೊಳೆದ ನೀರು ಕೊಡ್ತೇನೆ. ವಾರಕ್ಕೊಮ್ಮೆ ಸೆಗಣಿ. ಮೊನ್ನೆ ತುದಿ ಚಿವುಟಿ ಹಾಕಿದ್ದೇನೆ, ಇನ್ನು ನೋಡಿ, ನಾಲ್ಕು ಕಡೆಯಿಂದ ಚಿಗುರುತ್ತಾಳೆ."

"ಮೇಡಂ," ಎಂದ ಅವ, "ಜಾಳಿ ಆಮೇಲೆ ಹಾಕುವ. ಮೊದಲು ಆ ಮಗುವನ್ನು ನಿಮ್ಮ ಕೈಯಿಂದ ಬಿಡಿಸಬೇಕು."

೩. ಒಂದೇ ಬೀಸಿಗೆ

ಕೊನೆಗೆ ನಾನೇ ಠಾಣೆ ಮಾರ್ಕೆಟ್ಟಿಗೆ ಹೋಗಿ ಬಳ್ಳಿ ಹಬ್ಬಿಸುವ ನೈಲಾನ್ ಬಲೆ ತಂದೆ. ಹತ್ತಡಿ ಅಗಲ, ಮೂವತ್ತಡಿ ಉದ್ದ. ಸುತ್ತಿದರೆ ಒಂದು ತಲೆದಿಂಬಿನಷ್ಟಾಗುತ್ತದೆ. ಅಂಗಡಿಯವ ಅದನ್ನು ತೆಳ್ಳಗಿನ ಚೀಲಕ್ಕೆ ತುರುಕಿ ಕೊಟ್ಟ. ಸಂಜೆ ಐದರ ಕಲ್ಯಾಣ್ ಲೋಕಲ್ ಹತ್ತಿದೆ, ಲೇಡೀಸ್ ಡಬ್ಬದಲ್ಲಿ.

ಆ ಹೊತ್ತಿಗೆ ಒಳಗೆ ಕಾಲಿಡಲಿಕ್ಕೆ ಜಾಗವಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ನಿಂತೆ. ಕಳವಾ ದಾಟುವಾಗ ಚೀಲ ಹರಿದದ್ದು ನನಗೆ ಗೊತ್ತೇ ಆಗಲಿಲ್ಲ. ಬಲೆ ಮೆಲ್ಲ ಹೊರಗೆ ಬಂದು ತನ್ನ ಕೆಲಸ ಶುರು ಮಾಡಿತ್ತು. ಮುಂಬ್ರಾದಲ್ಲಿ ಪಕ್ಕದ ಹುಡುಗಿ ತನ್ನ ಬ್ಯಾಗು ಎಳೆದರೆ ನನ್ನ ಕೈ ಹೋಯಿತು. ಎದುರಿನ ಟೀಚರಮ್ಮ ತಲೆ ತಿರುಗಿಸಿದರೆ ಅವರ ಕ್ಲಿಪ್ಪಿನ ಜೊತೆ ನನ್ನ ಹೆಗಲು ಹೋಯಿತು. ಒಬ್ಬಾಕೆಯ ಬಳೆ, ಇನ್ನೊಬ್ಬಾಕೆಯ ಟಿಫಿನ್ ಡಬ್ಬಿಯ ಕೊಂಡಿ. ಮತ್ತೊಬ್ಬಾಕೆಯ ಕಾಲ್ಗೆಜ್ಜೆಯಂತೂ ಹೇಗೆ ಸಿಕ್ಕಿತೋ ಆ ದೇವರಿಗೇ ಗೊತ್ತು.

"ಆಂಟೀ, ಹಿಲೋ ಮತ್!" ಎಂದು ಒಬ್ಬಳು ಕಿರುಚಿದಳು. ಅಲುಗಾಡಬೇಡಿ ಎಂದು ಡೊಂಬಿವಲಿಯ ಲೋಕಲಿನಲ್ಲಿ ಹೇಳಿದರೆ ಕೇಳುವವರು ಯಾರು? ಸ್ಟೇಷನ್ನು ಬಂತು. ಇಲ್ಲಿ ನಾವಾಗಿ ಇಳಿಯುವುದು ಅಂತ ಇಲ್ಲ, ಹಿಂದಿನವರು ಇಳಿಸುತ್ತಾರೆ. ನಾನು ಪ್ಲಾಟ್‌ಫಾರ್ಮಿಗೆ ಬಿದ್ದೆನೋ ಇಲ್ಲವೋ, ನನ್ನ ಹಿಂದೆ ಒಂದರ ಹಿಂದೆ ಒಂದು ಐದು ಹೆಂಗಸರು ಬಂದು ಬಿದ್ದರು. ಟೀಚರಮ್ಮ ಒಬ್ಬರೇ ಡೊಂಬಿವಲಿಯವರು. ಉಳಿದ ನಾಲ್ವರೂ ಕಲ್ಯಾಣಕ್ಕೆ ಹೋಗಬೇಕಾದವರು. ನೋಡುತ್ತಿದ್ದ ಹಾಗೆ ಅವರ ಗಾಡಿ ಹೊರಟೇ ಹೋಯಿತು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಕ್ಷಮಿಸಿ, ತಪ್ಪಾಯಿತು" ಎಂದು ನನಗೆ ಬರುವ ನಾಲ್ಕೂ ಭಾಷೆಯಲ್ಲಿ ಹೇಳಿದೆ. ಈಗ ಬೈಗಳು ಶುರುವಾಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಬೆಂಚಿನ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಒಬ್ಬ ಕೋಳಿ ಹೆಂಗಸು ಕೂತಿದ್ದಳು. ಕೋಳಿ ಅಂದರೆ ಇಲ್ಲಿಯ ಮೀನುಗಾರರು, ನಮ್ಮ ಊರಿನ ಮೊಗವೀರರ ಹಾಗೆ. ಬಾಯಲ್ಲಿದ್ದ ಎಲೆ ಅಡಿಕೆ ಒಂದು ಬದಿಗೆ ಸರಿಸಿ ನನ್ನ ಬಲೆಗೆ ಸಿಕ್ಕಿದವರನ್ನು ಎಣಿಸಿದಳು.

"ನಲವತ್ತು ವರ್ಷದಿಂದ ನನ್ನ ಗಂಡ ಬಲೆ ಬೀಸ್ತಾನೆ," ಎಂದಳು ಮರಾಠಿಯಲ್ಲಿ, "ಒಂದೇ ಬೀಸಿಗೆ ಇಷ್ಟು ದೊಡ್ಡ ಐದು ಅವನಿಗೆ ಇವತ್ತಿನವರೆಗೂ ಸಿಕ್ಕಿಲ್ಲ!"

ಮೊದಲು ನಕ್ಕದ್ದು ಗೆಜ್ಜೆಯಾಕೆ. ಆಮೇಲೆ ನಾವು ಯಾರೂ ನಿಂತುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನಕ್ಕಷ್ಟೂ ಬಲೆ ಬಿಗಿಯಾಗುತ್ತಿತ್ತು.

೪. ಕೈಗೆ ಎಟಕುವಷ್ಟು

ಕಲ್ಯಾಣದಿಂದ ಬಿದಿರು ಬಂತು. ಗೌಂಡಿಯನ್ನೇ ಮತ್ತೆ ಕರೆದೆ.

"ಚಪ್ಪರ ಹಾಕಬೇಕು" ಎಂದೆ.

"ಹಂದರ ಅನ್ರಿ" ಎಂದ.

ಅರ್ಧ ಗಂಟೆ ಇದರಲ್ಲೇ ಹೋಯಿತು. ನನ್ನದು ಉಡುಪಿ ಕಡೆಯ ಕನ್ನಡ, ಅವನದು ವಿಜಯಪುರದ್ದು. ಇಬ್ಬರಿಗೂ ನಮ್ಮದೇ ಸರಿ. ಕೊನೆಗೆ ಹೆಸರು ಏನಾದರೂ ಇರಲಿ, ಕಂಬ ನಾಲ್ಕೇ ಎಂದು ರಾಜಿಯಾಯಿತು.

"ಎತ್ತರ ಎಷ್ಟ್ ಇಡ್ಲಿರಿ?"

"ಕೈಗೆ ಎಟಕುವಷ್ಟು ಇದ್ದರೆ ಸಾಕು" ಎಂದು ಹೇಳಿ ಅಡುಗೆಗೆ ಕೆಳಗೆ ಬಂದೆ.

ಸಂಜೆ ಹೋಗಿ ನೋಡಿದರೆ ಬಲೆ ಆಕಾಶದಲ್ಲಿ ಉಂಟು. ನಾನು ಐದಡಿಗೆ ಎರಡು ಇಂಚು ಕಡಿಮೆ. ಸ್ಟೂಲಿನ ಮೇಲೆ ನಿಂತು ಕೈ ಎತ್ತಿದರೂ ಬೆರಳು ತಾಗುವುದಿಲ್ಲ.

"ಇದೇನು ಮಾರಾಯ? ಕೈಗೆ ಎಟಕುವಷ್ಟು ಅಂದಿದ್ದೆ!"

ಅವ ನಿಂತಲ್ಲಿಂದಲೇ ಕೈ ಎತ್ತಿ ಬಲೆ ಹಿಡಿದು ತೋರಿಸಿದ. "ಎಟಕತೈತಲ್ರಿ."

ಯಾರ ಕೈ ಎಂದು ನಾನು ಹೇಳಿರಲಿಲ್ಲ, ಹೌದು. ಮಾರನೇ ದಿನ ನಾನು ಅಲ್ಲೇ ನಿಂತು, ನನ್ನ ಕೈ ಅಳತೆ ಕೊಟ್ಟು ಚಪ್ಪರವನ್ನು ಕೆಳಗೆ ಇಳಿಸಿದೆ. ಚಂದ ಕಂಡಿತು. ನಮ್ಮ ಮನೆಯವರನ್ನು ಕರೆದೆ. ಅವರು ಠಾಣೆಯ ಕಾರ್ಖಾನೆಗಳ ಪ್ರದೇಶವಾದ ವಾಗ್ಳೆ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕ್ಯಾಂಟೀನು ನಡೆಸಿದವರು, ಎತ್ತರದ ಜೀವ, ನಡೆಯುವಾಗ ಮೊಬೈಲು ನೋಡುತ್ತಾ ನಡೆಯುವ ಅಭ್ಯಾಸ. "ಎಲ್ಲಿ, ನೋಡುವ" ಎನ್ನುತ್ತಾ ಬಂದರು. ಢಣ್ ಎಂದು ಬಿದಿರಿಗೆ ಹಣೆ.

"ಅಯ್ಯೋ!" ಎಂದು ಕೂಗಿದ್ದು ನಾನು. ಅವರು ಹಣೆ ಉಜ್ಜಿಕೊಳ್ಳುತ್ತಾ, "ಬಿದಿರಿಗೆ ಏನೂ ಆಗಲಿಲ್ಲ ಮಾರಾಯ್ತಿ, ನೀನು ಹೆದರಬೇಡ" ಎಂದರು.

ಮೂರನೇ ದಿನ ಅವರ ಹಣೆಗೆ ತಾಗದ ಹಾಗೆ ಏರಿಸಿದೆವು. ನನಗೆ ಎಟಕಲಿಲ್ಲ. ನಾಲ್ಕನೇ ದಿನ ಇಳಿಸಿದೆವು. ಇವರು ಎರಡನೇ ಸಲ, ಅದೇ ಜಾಗಕ್ಕೆ, ಢಣ್.

ಗೌಂಡಿ ಗಂಟು ಬಿಚ್ಚಿ ಬಿಚ್ಚಿ ಬೇಸತ್ತಿದ್ದ. ಹಗ್ಗ ಕೆಳಗೆ ಹಾಕಿ, ಟವೆಲಿನಿಂದ ಮುಖ ಒರೆಸಿಕೊಂಡು ನಮ್ಮಿಬ್ಬರ ಎದುರು ಕೈ ಮುಗಿದ.

"ಅಕ್ಕಾರ, ಅಣ್ಣಾರ, ಒಂದ್ ಮಾತ ಕೇಳ್ರಿ. ಮ್ಯಾಲ ಕಟ್ಟಿದ್ರ ಇವರಿಗೆ ಸಿಗಂಗಿಲ್ಲ, ಕೆಳಗ ಕಟ್ಟಿದ್ರ ನಿಮ್ಮ ತಲಿ ಉಳಿಯಂಗಿಲ್ಲ. ನಾ ಊಟಾ ಮಾಡ್ಕೊಂಡ್ ಬರ್ತೀನಿ. ಅಷ್ಟರಾಗ ಗಂಡಾ ಹೆಂಡ್ತಿ ಇಬ್ಬರೂ ಕೂಡಿ ಒಂದ ಎತ್ತರಕ್ಕ ಬರ್ರಿ."

೫. ಪೈಜಾಮಾದ ಹೀರೆಕಾಯಿ

ಚಪ್ಪರ ಒಂದು ಬದಿ ಎತ್ತರ, ಒಂದು ಬದಿ ತಗ್ಗು ಮಾಡಿ ನಿಂತಿತು. ಬಸಳೆ ನನ್ನ ಬದಿ ಹಿಡಿಯಿತು, ಹೀರೆಬಳ್ಳಿ ಎತ್ತರದ ಬದಿ. ಹೀರೆಬಳ್ಳಿಯ ಸ್ವಭಾವ ನಿಮಗೆ ಗೊತ್ತಲ್ಲ. ಸಿಕ್ಕಿದ್ದನ್ನು ಹಿಡಿಯುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಚಪ್ಪರ ಮುಗಿದ ಕೂಡಲೇ ಅದು ಪಕ್ಕದ ಬಟ್ಟೆ ಒಣಹಾಕುವ ಹಗ್ಗ ಹಿಡಿಯಿತು.

ಚೌತಿ ಕಳೆದ ಮೇಲೆ ಸೆಕ್ರೆಟರಿ ಸಾಹೇಬರು ಮನೆಮಂದಿಯ ಜೊತೆ ನಾಸಿಕಕ್ಕೆ ಹೋದರು. ಹೋಗುವ ಗಡಿಬಿಡಿಯಲ್ಲಿ ಅವರ ಒಂದು ಪಟ್ಟೆ ಪೈಜಾಮಾ ಹಗ್ಗದಲ್ಲೇ ಉಳಿಯಿತು. ಬಂದದ್ದು ಹತ್ತು ದಿನದ ಮೇಲೆ.

ನಮ್ಮ ಸೊಸೈಟಿಯಲ್ಲಿ ದೂರು ಬರೆಯಲು ಒಂದು ರಿಜಿಸ್ಟರು ಉಂಟು. ಸೆಕ್ರೆಟರಿಯಾದರೂ ನಿಯಮ ನಿಯಮವೇ ಎಂದು ಅವರೇ ಅದರಲ್ಲಿ ಬರೆದರು: 'ಮೂರನೇ ಮಹಡಿಯವರ ಬಳ್ಳಿ ನನ್ನ ಪೈಜಾಮಾ ಹಿಡಿದುಕೊಂಡಿದೆ. ಕೂಡಲೇ ಬಿಡಿಸಿಕೊಡಬೇಕು.' ನಮ್ಮ ಮನೆಯವರು ಅದರ ಕೆಳಗೆ ಉತ್ತರ ಬರೆದರು: 'ಬಳ್ಳಿ ಅಲ್ಲೇ ಇತ್ತು. ಪೈಜಾಮಾ ತಾನಾಗಿ ಬಂದದ್ದು.'

ನಾನು ಜಗಳ ಬೇಡವೆಂದು ಕತ್ತರಿ ಹಿಡಿದು ಮೇಲೆ ಹೋದೆ. ಸಾಹೇಬರೂ ಬಂದರು, ಹಿಂದೆ ಅವರ ಹೆಂಡತಿ. ಬಳ್ಳಿಯ ಸುರುಳಿ ಕುಡಿಗಳು ಲಾಡಿಯನ್ನು ಸುತ್ತಿ, ಸೊಂಟದ ಪಟ್ಟಿ ಸುತ್ತಿ, ಒಂದು ಕಾಲಿನೊಳಗೆ ಮೇಲಿಂದ ಹೊಕ್ಕಿದ್ದವು. ಪಾಪ, ಸಾಹೇಬರು ಜೋರಾಗಿ ಎಳೆಯಲಿಕ್ಕೆ ಹೋದರು. ಕಾಲು ಭಾರವಾಗಿತ್ತು. ಒಳಗೆ ಏನೋ ತೂಗಾಡುತ್ತಿತ್ತು.

"ಹಾವು!" ಎಂದು ಸಾಹೇಬರು ಹಿಂದಕ್ಕೆ ಹಾರಿದರು.

ಅವರ ಹೆಂಡತಿ ಧೈರ್ಯವಂತೆ. ಪೈಜಾಮಾದ ಕಾಲು ಮೇಲೆತ್ತಿ ಒಳಗೆ ಇಣುಕಿದರು. ಎರಡು ಗೇಣು ಉದ್ದದ ಹೀರೆಕಾಯಿ. ನೆರಳಲ್ಲಿ ಬೆಳೆದದ್ದಲ್ಲವಾ, ಮೈ ಬೆಣ್ಣೆಯ ಹಾಗಿತ್ತು. ಅಂಥ ಕಾಯಿ ನನ್ನ ಇಡೀ ಚಪ್ಪರದಲ್ಲಿ ಒಂದೂ ಇರಲಿಲ್ಲ. ನನಗೆ ಆಸೆಯಾಯಿತು, ಕೈ ಚಾಚಿದೆ.

ಸಾಹೇಬರು ನನಗಿಂತ ಮೊದಲೇ ಕಾಯಿ ಕಿತ್ತುಕೊಂಡು ಕಂಕುಳಲ್ಲಿ ಇಟ್ಟರು. "ಬಾಯಿ, ಬಳ್ಳಿ ನಿಮ್ಮದಿರಬಹುದು," ಎಂದರು ಗಂಭೀರವಾಗಿ, "ಪೈಜಾಮಾದಲ್ಲಿ ಬೆಳೆದದ್ದು ಪೈಜಾಮಾದವರಿಗೆ ಸೇರಿದ್ದು."

೬. ಮಾಂಡವ

ಹೀರೆಕಾಯಿ ಚೆನ್ನಾಗಿತ್ತಂತೆ. ದೂರನ್ನು ಸಾಹೇಬರು ಹಿಂದೆ ತೆಗೆದುಕೊಂಡರು. ಆದರೆ ಒಂದು ಶರತ್ತು ಹಾಕಿದರು, ಬಳ್ಳಿ ಹಗ್ಗಕ್ಕೆ ಬಾರದ ಹಾಗೆ ಇನ್ನೊಂದು ಚಪ್ಪರ ಹಾಕುವುದಾದರೆ ಹಾಕಿ, ಆದರೆ ಈ ಸಲ ಮರಾಠಿಯಲ್ಲಿ ಅರ್ಜಿ ಕೊಡಿ, ಅದನ್ನು ಮೂರು ದಿನ ನೋಟಿಸ್ ಬೋರ್ಡಿಗೆ ಹಾಕುತ್ತೇನೆ ಎಂದು.

ಮಗಳು ಇದ್ದಿದ್ದರೆ ಅವಳೇ ಬರೆಯುತ್ತಿದ್ದಳು. ಅವಳು ಆಫೀಸಿನ ಟ್ರೇನಿಂಗ್ ಎಂದು ಪುಣೆಗೆ ಹೋಗಿದ್ದಳು. ನಮ್ಮ ಮನೆಯವರು ತಮ್ಮ ಕ್ಯಾಂಟೀನು ಮರಾಠಿಯಲ್ಲೇ ಬರೆದರು. ಚಪ್ಪರಕ್ಕೆ ಮರಾಠಿಯಲ್ಲಿ ಮಾಂಡವ ಅನ್ನುತ್ತಾರೆ. ಬಳ್ಳಿಗೆ ಹಾಕುವುದೂ ಮಾಂಡವವೇ, ಮದುವೆಗೆ ಹಾಕುವುದೂ ಮಾಂಡವವೇ. ಬರೆದದ್ದು ಎರಡೇ ಸಾಲು: 'ನಮಗೆ ಗಚ್ಚಿಯ ಮೇಲೆ ಮಾಂಡವ ಹಾಕಲಿಕ್ಕಿದೆ. ಪರವಾನಗಿ ಕೊಡಬೇಕು.' ಬಳ್ಳಿಗೆ ಎಂದು ಬರೆಯಬೇಕೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಸಾಹೇಬರಿಗೆ ವಿಷಯ ಗೊತ್ತೇ ಇತ್ತಲ್ಲ, ಅವರು ಕೆಳಗೆ 'ಆಕ್ಷೇಪ ಇದ್ದವರು ತಿಳಿಸಿ' ಎಂದು ಸೇರಿಸಿ ಬೋರ್ಡಿಗೆ ಅಂಟಿಸಿದರು.

ಮರುದಿನದಿಂದ ಎಲ್ಲರೂ ನನ್ನನ್ನು ಕಂಡರೆ ನಗಲಿಕ್ಕೆ ಶುರು ಮಾಡಿದರು. ಲಿಫ್ಟಿನಲ್ಲಿ ಒಬ್ಬರು ಕೈ ಹಿಡಿದು ಕುಲುಕಿದರು. ಎರಡನೇ ಮಹಡಿಯವರು ರವಿಕೆ ಕಣ ತಂದು ಕುಂಕುಮ ಇಟ್ಟು ಹೋದರು. ನವರಾತ್ರಿ ಹತ್ತಿರ ಬಂತಲ್ಲ, ಅದಕ್ಕೆ ಅಂದುಕೊಂಡೆ. ಬಿಲ್ಡಿಂಗಿನವರಿಗೆ ನನ್ನ ತೋಟದ ಮೇಲೆ ಇಷ್ಟು ಪ್ರೀತಿಯಾ ಎಂದು ನನಗೆ ಕಣ್ಣೀರೇ ಬಂತು.

ಶನಿವಾರ ಸಂಜೆ ಮಗಳು ಬಂದಳು. ನಾನು ಹಾಲ್‌ನಲ್ಲಿ ಕೂತು ಬಸಳೆ ದಂಟು ಹೆಚ್ಚುತ್ತಿದ್ದೆ, ಇವರು ಪೇಪರು ಓದುತ್ತಿದ್ದರು. ಬಾಗಿಲಲ್ಲಿ ಬ್ಯಾಗು ಕೆಳಗೆ ಹಾಕಿ ಹಾಗೇ ನಿಂತಳು. ಗೇಟಿನ ವಾಚ್‌ಮನ್‌ನಿಂದ ಹಿಡಿದು ಮೂರು ಮಹಡಿಯವರೂ ಅವಳಿಗೆ ಅಭಿನಂದನೆ ಹೇಳಿ ಕಳಿಸಿದ್ದರು ಎಂದು ಆಮೇಲೆ ತಿಳಿಯಿತು. ಕಣ್ಣು ತುಂಬಿತ್ತು. ಓಡಿ ಬಂದು ನನ್ನ ಕಾಲ ಹತ್ತಿರ ಕೂತು, ಮಡಿಲಲ್ಲಿ ಮುಖ ಇಟ್ಟಳು.

"ಮಮ್ಮೀ," ಎಂದಳು, "ನಿನಗ ಹ್ಯಾಂಗ ಗೊತ್ತಾತು?"

ನನ್ನ ಕೈಯಲ್ಲಿದ್ದ ದಂಟು ಕೈಯಲ್ಲೇ ಉಳಿಯಿತು. ಇಪ್ಪತ್ತೇಳು ವರ್ಷದಲ್ಲಿ ಈ ಹುಡುಗಿಯ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಬಂದದ್ದು ಇದೇ ಮೊದಲು. ಬಂದದ್ದೂ ಎಂಥ ಕನ್ನಡ!

"ಪಪ್ಪಾ ಒಪ್ಪ್ಯಾರೇನು? ಅಂವ ಭಾಳ ಚಲೋ ಅದಾನ ಮಮ್ಮೀ. ನಾನ ಹೇಳಬೇಕಂತ ಮಾಡಿದ್ದೆ, ಧೈರ್ಯ ಆಗಲಿಲ್ಲ."

ಇವರು ಪೇಪರು ಕೆಳಗಿಳಿಸಿ ನನ್ನನ್ನು ತುಳುವಿನಲ್ಲಿ ಕೇಳಿದರು, "ಇವಳನ್ನು ಪುಣೆಗೆ ಕಳಿಸಿದ್ದಾ, ಧಾರವಾಡಕ್ಕೆ ಕಳಿಸಿದ್ದಾ?"

"ಯಾರು ಮಗಾ, 'ಅಂವ' ಅಂದರೆ?" ಎಂದು ನಾನು ಕೇಳಿದೆ.

ಅವಳು ತಲೆ ಎತ್ತಿದಳು. ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. "ನೋಟಿಸ್ ಬೋರ್ಡಿನ್ಯಾಗ... ಮಾಂಡವ..."

"ಅದು ಬಸಳೆಗೆ!"

ಮಗಳು ಕಣ್ಣೊರೆಸಿಕೊಂಡು ಎದ್ದಳು. ತಟಕ್ಕನೆ ಹಿಂದಿಗೆ ಹಾರಿದಳು, "ಕುಛ್ ನಹೀಂ ಮಮ್ಮೀ, ಐಸೇ ಹೀ," ಏನಿಲ್ಲ, ಸುಮ್ಮನೆ ಎಂದು ಒಳಗೆ ಹೊರಟಳು.

"ಕೂತುಕೋ" ಎಂದರು ಇವರು. ಕೂತಳು. ಮೆಲ್ಲ ಮೆಲ್ಲ ಎಲ್ಲ ಹೇಳಿದಳು. ಹುಡುಗ ಅದೇ ಐರೋಲಿಯಲ್ಲಿ ಕೆಲಸ ಮಾಡುತ್ತಾನೆ, ಮನೆ ಕಲ್ಯಾಣ. ಮೂರು ವರ್ಷದಿಂದ ಒಂದೇ ಲೋಕಲಿನಲ್ಲಿ ಓಡಾಟ. ಅವನ ತಂದೆ ತಾಯಿ ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ತಾಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ಆ ತಾಯಿಯ ಹತ್ತಿರ ಮಾತಾಡಬೇಕೆಂದು ಇವಳು ದಿನಾ ರೈಲಿನಲ್ಲಿ ಅವನಿಂದ ಕನ್ನಡ ಕಲಿತಿದ್ದಾಳೆ. ನಾನು ಇಪ್ಪತ್ತೇಳು ವರ್ಷ ಅಂಗಲಾಚಿದರೂ ಬಾರದ ಕನ್ನಡ, ಡೊಂಬಿವಲಿಯಿಂದ ಐರೋಲಿಗೆ ಹೋಗುವಷ್ಟರಲ್ಲಿ ಬಂದಿತ್ತು. ನನಗೆ ಹೊಟ್ಟೆಕಿಚ್ಚೂ ಆಯಿತು, ಎದೆ ತುಂಬಿಯೂ ಬಂತು.

ಇವರು ಎದ್ದು ಬಾಲ್ಕನಿಗೆ ಹೋದರು. ಬೆನ್ನು ಮಾತ್ರ ಕಾಣುತ್ತಿತ್ತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಬೇರೆ ಊರು, ಬೇರೆ ಜನ, ಇವರು ಏನು ಹೇಳುತ್ತಾರೋ ಎಂದು ನಾನೂ ಆ ಬೆನ್ನನ್ನೇ ನೋಡುತ್ತಾ ಕೂತೆ.

ಐದು ನಿಮಿಷಕ್ಕೆ ತಿರುಗಿ ಬಂದರು. "ಒಂದೇ ಪ್ರಶ್ನೆ" ಎಂದರು. "ಅವರ ಮನೆಯಲ್ಲಿ ಮೀನು ತಿನ್ನುತ್ತಾರಾ?"

ಮಗಳ ಮುಖ ಬಾಡಿತು. "ಇಲ್ಲ ಪಪ್ಪಾ. ಮೊಟ್ಟಿನೂ ತಿನ್ನಂಗಿಲ್ಲ."

ಇವರು ಕುರ್ಚಿಯಲ್ಲಿ ಕುಸಿದು ಕೂತರು. ಕ್ಯಾಂಟೀನಿನಲ್ಲಿ ಇವರ ಬಂಗುಡೆ ಸಾರಿಗೆ ಸಾಲು ನಿಲ್ಲುತ್ತಿದ್ದ ಕಾಲವೊಂದಿತ್ತು.

ಮಗಳು ದನಿ ತಗ್ಗಿಸಿದಳು. "ಆದ್ರ ಅಂವ ತಿಂತಾನ. ಹೊರಗ. ಅವರ ಮನ್ಯಾಗ ಗೊತ್ತಿಲ್ಲ."

ಇವರ ಬೆನ್ನು ನೆಟ್ಟಗಾಯಿತು. "ಹಾಗೆ ಹೇಳು ಮತ್ತೆ! ನಾಳೆಯೇ ಊಟಕ್ಕೆ ಕರಿ. ತಿಂದದ್ದು ನಾವು ಯಾರಿಗೂ ಹೇಳುವುದಿಲ್ಲ."

ಮಗಳು ನಗುತ್ತಾ ಅಳುತ್ತಿದ್ದಳು, ನಾನು ಅಳುತ್ತಾ ನಗುತ್ತಿದ್ದೆ. ಆಗಲೇ ಕಾಲಿಂಗ್ ಬೆಲ್ ಆಯಿತು. ಸೆಕ್ರೆಟರಿ ಸಾಹೇಬರು, ಕೈಯಲ್ಲಿ ಸೀಲು ಹೊಡೆದ ಅರ್ಜಿ.

"ಮೂರು ದಿನ ಆಯಿತು, ಒಬ್ಬರದ್ದೂ ಆಕ್ಷೇಪ ಇಲ್ಲ. ಜನ ಯಾಕೋ ಬಹಳ ಖುಷಿಯಲ್ಲಿದ್ದಾರೆ" ಎಂದರು. "ಮಾಂಡವ ಹಾಕಿಕೊಳ್ಳಿ. ಅಳತೆ ಎಂಟಡಿಗೆ ಆರಡಿ ತಾನೇ?"

ಇವರು ಮಗಳ ಕಡೆ ನೋಡಿದರು. "ಸಾಹೇಬರೇ, ಸ್ವಲ್ಪ ದೊಡ್ಡದು ಬೇಕಾಗಬಹುದು."

"ಎಷ್ಟು ದೊಡ್ಡದು?"

"ಒಂದು ಇನ್ನೂರು ಜನ ಊಟಕ್ಕೆ ಕೂರುವಷ್ಟು."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನ್ನನ್ನೂ, ನನ್ನ ಎದುರಿನ ಮಣೆಯ ಮೇಲಿದ್ದ ಬಸಳೆ ರಾಶಿಯನ್ನೂ ನೋಡಿದರು.

"ಇನ್ನೂರು ಜನ!" ಎಂದರು. "ಬಾಯಿ, ಸೊಸೈಟಿಯಲ್ಲಿ ಇರುವುದೇ ತೊಂಬತ್ತು ಮಂದಿ. ಅದರಲ್ಲಿ ಯಾರೂ ಈ ಬಸಳೆ ತಿನ್ನುವುದಿಲ್ಲ!"